ಸಿಹಿ ಸುದ್ದಿಗೆ ಕೊಟ್ಟ ಬಳೆ

ನುರ್ತಾಸ್ ತೀರಿಕೊಂಡು ಇಪ್ಪತ್ತಾರು ದಿನವಾಗಿತ್ತು. ತರಾಜ್ ಊರಿನ ಆ ಬೀದಿಗೆಲ್ಲ ಗೊತ್ತಿದ್ದ ಸಂಗತಿ ಅವನ ಹೆಂಡತಿ ಕುರಾಲಾಯ್‌ಗೆ ಮಾತ್ರ ಗೊತ್ತಿರಲಿಲ್ಲ. ಅವಳು ಬಾಣಂತಿ. ಮಗು ಹುಟ್ಟಿದ ಐದನೇ ದಿನ, ದೂರದ ಎಣ್ಣೆ ಬಾವಿಯ ಕೆಲಸದಲ್ಲಿ ಅವನು ಮೇಲಿನಿಂದ ಬಿದ್ದಿದ್ದ. ನಲವತ್ತು ದಿನ ತುಂಬುವ ತನಕ ಹಸಿ ಬಾಣಂತಿಯ ಕಿವಿಗೆ ಸಾವಿನ ಸುದ್ದಿ ಬೀಳಬಾರದು. ಆಮೇಲೆ ಹಿರಿಯರು ಬಂದು ಕೂತು, ಸುತ್ತಿ ಬಳಸಿ ಮೆತ್ತಗೆ ತಿಳಿಸಬೇಕು.

ಅಲ್ಲಿಯವರೆಗೆ ಸುಳ್ಳು ಹೇಳುವ ಕೆಲಸ ಅತ್ತೆ ಉಲ್ಬಾಲಾಳ ಪಾಲಿಗೆ ಬಂದಿತ್ತು. ನೆಂಟರ ಮದುವೆ ಅಂತ ಹೇಳಿ ಹೋಗಿ ಮಗನ ಮುಖ ಕೊನೆಯ ಸಲ ನೋಡಿ ಬಂದವಳು ಅವಳು. "ಅಲ್ಲಿ ಫೋನು ಸಿಗಲ್ವಂತೆ ಕಣಮ್ಮ, ಮೇಸ್ತ್ರಿ ಹೇಳಿ ಕಳಿಸಿದ್ದಾನೆ, ಚೆನ್ನಾಗಿದ್ದಾನಂತೆ" ಎಂದು ದಿನಾ ಹೇಳುತ್ತಿದ್ದಳು. ಹೇಳಿ ಹೇಳಿ ನಾಲಿಗೆಯೇ ಒಣಗಿಹೋಗಿತ್ತು.

ಅವತ್ತು ಕುರಿಯ ಸಾರು ಕುದಿಯುತ್ತಿದ್ದಾಗ ಸೊಸೆ ಫೋನು ಹಿಡಿದು ಅಡುಗೆಮನೆಗೆ ನುಗ್ಗಿದಳು.

"ಅತ್ತೆ, ಸಿಹಿ ಸುದ್ದಿ! ಏನು ಕೊಡ್ತೀರಿ ಮೊದಲು ಹೇಳಿ!"

ಸಿಹಿ ಸುದ್ದಿ ತಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ಅಲ್ಲಿಲ್ಲ. ಉಲ್ಬಾಲಾಳ ಹುಚ್ಚು ಮನಸ್ಸು ಒಂದು ಗಳಿಗೆ, ಮಗ ಬದುಕಿದ್ದಾನೆ ಅಂದುಕೊಂಡುಬಿಟ್ಟಿತು.

"ಸರ್ಕಾರದ ದುಡ್ಡು ಬಂತು ಅತ್ತೆ, ನನ್ನ ಕೆಲಸ ಹೋಯ್ತಲ್ಲ, ಅದಕ್ಕೆ! ಒಪ್ಪಿಗೆ ಇದ್ರೆ ಒಂದು ಒತ್ತಿ ಅಂತ ಮೊನ್ನೆ ಮೆಸೇಜ್ ಬಂದಿತ್ತು, ಒತ್ತಿದ್ದೆ. ಆ ಬೇಕರಿ ಯಜಮಾನ ನನ್ನ ಹೆಸರಲ್ಲಿ ವಿಮೆಗೆ ಒಂದು ಟೆಂಗೆ ದುಡ್ಡೂ ಕಟ್ಟಿಲ್ಲ, ಏನೂ ಬರಲ್ಲ ಅಂತ ಎಲ್ಲರೂ ಹೆದರಿಸಿದ್ರು. ನೋಡಿ, ಸಂಬಳಕ್ಕಿಂತ ಜಾಸ್ತಿ ಬಂದಿದೆ!"

ಮಗನ ಮರಣ ಬರೆಸಿದ ದಿನ ಕಚೇರಿಯ ಹೆಂಗಸು, ತಂದೆ ಇಲ್ಲದ ಮಗುವಿಗೆ ಸೇರಬೇಕಾದ ದುಡ್ಡು ತಾನಾಗಿಯೇ ಬರುತ್ತೆ ಅಂದಿದ್ದಳು. ಇದು ಆ ದುಡ್ಡೇ ಎಂದು ಉಲ್ಬಾಲಾಳಿಗೆ ಹೊಳೆಯಿತು. ಬದುಕಿದ್ದವರನ್ನು ಒಂದು ಕಾಗದಕ್ಕೆ ಹತ್ತು ಸಲ ಅಲೆಸುವ ಸರ್ಕಾರ, ಸತ್ತವನ ದುಡ್ಡನ್ನು ಮಾತ್ರ ಕೇಳದೆಯೇ ಕಳಿಸಿತ್ತು. ಅವಳು ನಕ್ಕಳು. ಕೈಯ ಬೆಳ್ಳಿ ಬಳೆ ಬಿಚ್ಚಿ ಸೊಸೆಗೆ ತೊಡಿಸಿದಳು. ಮಗನ ಸಾವಿಗೆ ಉಡುಗೊರೆ ಕೊಡುವ ಗತಿ ಯಾವ ಹೆತ್ತವಳಿಗೂ ಬರಬಾರದು.

ಆದರೆ ಕುರಾಲಾಯ್ ಪ್ರಾಮಾಣಿಕ ಹುಡುಗಿ. ಊಟ ಮುಗಿಯುವ ಹೊತ್ತಿಗೆ ಅವಳಿಗೆ ಅನುಮಾನ ಶುರುವಾಯಿತು.

"ಇಷ್ಟೊಂದು ಹೇಗೆ ಬರುತ್ತೆ? ಇನ್ಯಾರದೋ ಇರ್ಬೇಕು. ನಾನೇ ಹೋಗಿ ಕೇಳ್ಕೊಂಡು ಬರ್ತೀನಿ."

"ಬಾಣಂತಿ ಹೊಸಿಲು ದಾಟ್ತಾಳಂತೆ! ಸುಮ್ನೆ ಬಿದ್ಕೋ. ನಾನು ಹೋಗ್ತೀನಿ."

ಕಚೇರಿಯಲ್ಲಿ ಉಲ್ಬಾಲಾ ಕೇಳಿದ್ದು ಒಂದೇ: "ಇದನ್ನ ಒಂಬತ್ತು ದಿನ ತಡೆಯಕ್ಕಾಗಲ್ವಾ ತಾಯಿ?" ಗಾಜಿನ ಹಿಂದಿನ ಹುಡುಗಿಗೆ ತಲೆಬುಡ ತಿಳಿಯಲಿಲ್ಲ. "ದುಡ್ಡು ಬೇಡ ಅನ್ನೋರನ್ನ ಇವತ್ತೇ ನೋಡಿದ್ದು ಅಜ್ಜಿ. ಇದು ನಿಲ್ಲಲ್ಲ, ಹುಡುಗನಿಗೆ ಹದಿನೆಂಟು ತುಂಬೋ ತನಕ ಬರುತ್ತೆ" ಅಂದಳು.

ದಾರಿಯುದ್ದಕ್ಕೂ ಉಲ್ಬಾಲಾ ಸುಳ್ಳು ಜೋಡಿಸಿಕೊಂಡೇ ಬಂದಳು. ಲೆಕ್ಕ ಸರಿಯಿದೆ, ಬೇಕರಿಯವನು ಕಟ್ಟಿದ್ದನಂತೆ, ನಿನ್ನದೇ ದುಡ್ಡು. ಎಲ್ಲವನ್ನೂ ಒಪ್ಪಿಸಿದಳು. ಸೊಸೆ ಉಸಿರು ಬಿಟ್ಟು, "ಎಷ್ಟು ದಿನ ಕೊಡ್ತಾರಂತೆ?" ಎಂದಳು. ಈ ಪ್ರಶ್ನೆಗೆ ಮುದುಕಿ ಉತ್ತರ ಜೋಡಿಸಿಕೊಂಡಿರಲಿಲ್ಲ. ದಣಿದಿದ್ದಳು. ಬಾಯಿ ಜಾರಿತು.

"ಹುಡುಗನಿಗೆ ಹದಿನೆಂಟು ತುಂಬೋ ತನಕ."

ಕುರಾಲಾಯ್ ತೊಟ್ಟಿಲು ತೂಗುವುದನ್ನು ನಿಲ್ಲಿಸಿದಳು.

"ಬೇಕರಿ ಕೆಲಸ ಹೋಗಿದ್ದಕ್ಕೆ ಹದಿನೆಂಟು ವರ್ಷ ಕೊಡ್ತಾರಾ ಅತ್ತೆ?"

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಅತ್ತೆ ಏನೋ ಹೇಳಲು ಹೊರಟಾಗ ಥಟ್ಟನೆ ಕೈಯೆತ್ತಿ ತಡೆದಳು.

"ಬೇಡ. ಹೇಳ್ಬೇಡಿ. ನಲವತ್ತು ತುಂಬೋಕೆ ಇನ್ನೂ ಒಂಬತ್ತು ದಿನ ಇದೆ. ಹಿರಿಯರು ಬಂದು ಹೇಳೋ ತನಕ ನಂಗೇನೂ ಗೊತ್ತಿಲ್ಲ. ಅಲ್ಲಿವರೆಗೂ ಅವರು ಕೆಲಸದಲ್ಲೇ ಇರ್ಲಿ ಅತ್ತೆ."

ಉಲ್ಬಾಲಾ ಕೋಟು ಬಿಚ್ಚದೆ ಅಲ್ಲೇ ಕುಸಿದಳು. ಇಷ್ಟು ದಿನ ಆ ಮನೆಯಲ್ಲಿ ಒಂದು ಹನಿ ಕಣ್ಣೀರು ಹಾಕದವಳು ಸೊಸೆಯ ಮಡಿಲಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತಳು. ಕುರಾಲಾಯ್ ಅವಳ ಬೆನ್ನು ಸವರುತ್ತ ಕೂತಿದ್ದಳು. ಅವಳು ಅಳಲಿಲ್ಲ. ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.