ಮಡಚಿದ ಅಂಚು

"ಇದರ ಅಂಚೆಲ್ಲಿ ಹೋತ್ರಿ?" ಎಂದಳು ಲುಂಬಿನಿ.

ಅಂಗಳದ ಫರಶಿಗಲ್ಲಿನ ಮೇಲೆ ಬ್ಯಾನರಿನ ಸುರುಳಿ ಬಿದ್ದಿತ್ತು, ಎರಡು ಕಡೆ ಬಿಗಿದು ಕಟ್ಟಿದ್ದರು. ಅವಳು ಒಂದು ಮೂಲೆಯನ್ನು ಎತ್ತಿ ನೋಡಿದ್ದಳು. ಕತ್ತರಿ ಆಡಿದ ನೆಟ್ಟನೆಯ ಗೆರೆ. ಒಂದು ಮೊಳೆಯ ತೂತೂ ಇಲ್ಲ.

"ತುಕ್ಕು ಹತ್ತಿ ಹೊಲಸಾಗಿತ್ತವ್ವ," ಎಂದರು ಟಾಕೀಜಿನ ಸಾವ್ಕಾರ ಕಲ್ಯಾಣಪ್ಪ. "ನಾಕೂ ಕಡಿ ಕತ್ತರಿಸಿ ಚೊಕ್ಕ ಮಾಡ್ಸೀನಿ. ಹೆಣ್ಮಗಳು ಮನೀಗಿ ಬಂದಾಳ, ಹೊಲಸು ಅರಿವಿ ಕೈಯಾಗ ಕೊಡ್ಬೇಕೇನು?"

ಶಹಾಬಾದಿನ ಅವರ ಟಾಕೀಜು ಮುಚ್ಚಿ ಹದಿನಾಲ್ಕು ವರ್ಷವಾಗಿತ್ತು. ಈಗ ಕೆಡವುತ್ತಿದ್ದರು. ಅಂಗಳದ ಆಚೆ ಪರದೆಯ ಗೋಡೆಗೆ ಜೆಸಿಬಿ ಹಲ್ಲು ಹಾಕಿತ್ತು.

ವಾಡಿಯ ಹೈಸ್ಕೂಲಿನಲ್ಲಿ ಪಾಠ ಹೇಳುವ ಲುಂಬಿನಿಗೆ ಊರು ಇಟ್ಟ ಹೆಸರು ರದ್ದಿ ಟೀಚರ್. ಒಂಬತ್ತು ವರ್ಷದಿಂದ ಹಳೆಯ ಪೋಸ್ಟರು, ಬ್ಯಾನರುಗಳನ್ನು ಹುಡುಕಿಕೊಂಡು ತಿರುಗಿದ್ದಳು. ಸೇಡಂನ ಕ್ಷೌರದಂಗಡಿಯ ಗೋಡೆಯಿಂದ ಹಬೆ ಹಿಡಿದು ಒಂದನ್ನು ಬಿಡಿಸಿದ್ದಳು. ಚಿತ್ತಾಪುರದ ಹಿಟ್ಟಿನ ಗಿರಣಿಯ ಬಾಗಿಲಿಗೆ ಮೊಳೆ ಹೊಡೆದಿದ್ದನ್ನು ಹೊಸ ಪರದೆ ಕೊಡಿಸಿ ತಂದಿದ್ದಳು. ಆ ಬ್ಯಾನರುಗಳಲ್ಲಿ ಹನ್ನೊಂದನ್ನು ಬರೆದವರು ಅವಳ ಅಪ್ಪ ದೇವಿಂದ್ರಪ್ಪ. ಇಪ್ಪತ್ತೆರಡು ವರ್ಷ ವಾಡಿಯಿಂದ ಪ್ಯಾಸೆಂಜರ್ ರೈಲು ಹತ್ತಿ ಬಂದು, ಇದೇ ಅಂಗಳದಲ್ಲಿ ಕುಳಿತು ಬರೆದವರು.

ಹೋದ ತಿಂಗಳು ಕಲಬುರಗಿಯಲ್ಲಿ ಅವುಗಳ ಪ್ರದರ್ಶನವಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಹನ್ನೊಂದರ ಕೆಳಗೂ ಒಂದೇ ಚೀಟಿ: ಕಲಾವಿದ ಗೊತ್ತಿಲ್ಲ. ಜಗಳಕ್ಕೆ ನಿಂತ ಲುಂಬಿನಿಗೆ ಅಲ್ಲಿಯವರು "ಪುರಾವೆ ಬೇಕಲ್ಲರೀ ಮೇಡಂ, ಒಂದರ ಮ್ಯಾಲರ ಹೆಸರು ತೋರಸ್ರಿ" ಎಂದಿದ್ದರು. ವಾಪಸು ಬರುವಾಗ ರೈಲಿನಲ್ಲಿ, ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು:

"ಒಮ್ಮಿ ಹೆಸರು ಬರದಿದ್ನವ್ವ. ಸಾವ್ಕಾರ್ರು ನೋಡಿದ್ರು. ಶುಕ್ರವಾರ, ಟಿಕೀಟಿನ ಸಾಲು ನಿಂತಿತ್ತು. ಅಷ್ಟೂ ಮಂದಿ ಮುಂದ ನನ್ ಕೈಲೇ ಸುಣ್ಣ ಹಚ್ಚಿಸಿ ಅಳಸಿದ್ರು. ಕಡೀ ಬ್ಯಾನರಿಗಿ ಮಾತ್ರ ಮತ್ತ ಬರದೆ. ಚೌಕಟ್ಟಿನ ಹಿಂದ ಮಡಚಿ ಮೊಳಿ ಹೊಡಿತೀವಲ್ಲ, ಆ ಅಂಚಿನ್ಯಾಗ. ಯಾರಿಗೂ ಕಾಣಲ್ದಂಗ."

ಆ ಕೊನೆಯ ಬ್ಯಾನರೇ ಈಗ ಅವಳ ಕಾಲಬುಡದಲ್ಲಿತ್ತು.

"ಕತ್ತರಿಸಿದ್ದೆಲ್ಲಿ ಹಾಕಿರಿ?"

"ಎಲ್ಲಿ ಅಂದ್ರ? ಬಚ್ಚಲದ ಒಲಿಗಿ ಹಾಕಿರಬೇಕು," ಎಂದ ಕಲ್ಯಾಣಪ್ಪ ಒಳಗೆ ಮುಖ ಮಾಡಿ ಕೂಗಿದರು. "ಏ, ಆ ಪಟ್ಟಿಗೋಳು ಏನ್ ಮಾಡ್ದಿ?"

ಅವರ ಹೆಂಡತಿ ಚಂದಮ್ಮ ಬಾಗಿಲಿಗೆ ಬಂದರು. "ಎರಡು ಸುಟ್ಟೀನಿ. ಉಳದ ಎರಡ್ರಿಂದ್ಲೇ ಆ ಸುರುಳಿ ಕಟ್ಟೀನಲ್ಲ!"

ಲುಂಬಿನಿ ಕುಕ್ಕರಿಸಿ ಕುಳಿತಳು. ಹಗ್ಗವೆಂದುಕೊಂಡಿದ್ದು ಹೊಸೆದ ಬಟ್ಟೆ. ಚಂದಮ್ಮನ ಗಂಟು, ಎಮ್ಮೆ ಕಟ್ಟಿ ಪಳಗಿದ ಕೈಯ ಗಂಟು.

"ತಡಿ, ಕತ್ರಿ ತರಸ್ತೀನಿ," ಎಂದರು ಕಲ್ಯಾಣಪ್ಪ.

"ಇನ್ನೊಮ್ಮಿ ಕತ್ರಿ ಮುಟ್ಟಿ ನೋಡ್ರಿ!"

ಅವಳ ದನಿಗೆ ಜೆಸಿಬಿಯ ಡ್ರೈವರನೂ ತಿರುಗಿ ನೋಡಿದ. ಇಷ್ಟು ಜೋರಾಗಿ ಆ ಅಂಗಳದಲ್ಲಿ ಸಾವ್ಕಾರರಿಗೆ ಯಾರೂ ಮಾತಾಡಿರಲಿಲ್ಲ.

ಮೊದಲ ಗಂಟನ್ನು ಉಗುರಿನಿಂದ ಬಿಡಿಸಿದಳು. ಹುರಿ ಬಿಚ್ಚಿ ಫರಶಿಯ ಮೇಲೆ ತಟ್ಟಿ ಹರವಿದಳು. ಮೊಳೆಯ ತೂತುಗಳು, ತುಕ್ಕಿನ ಕಲೆ. ಬೇರೇನೂ ಇಲ್ಲ. ಎರಡನೆಯದಕ್ಕೆ ಉಗುರು ಮುರಿಯಿತು, ಹಲ್ಲು ಹಾಕಿದಳು. ಬಾಯಿ ತುಂಬ ಸರೇಸಿನ ಅಂಟು, ಧೂಳು.

"ಹುಚ್ಚ ಹಿಡದದೇನು ನಿನಗ?" ಕಲ್ಯಾಣಪ್ಪನವರೂ ಸಿಟ್ಟಾದರು. "ನಿಮ್ಮಪ್ಪನ ಕೈ ಬಂಗಾರ, ಅಲ್ಲ ಅಂದೋರ್ಯಾರು? ಆದ್ರ ಬ್ಯಾನರ್ ಮ್ಯಾಲ ಮಂದಿ ಹೀರೋನ್ನ ನೋಡ್ಬೇಕೋ, ನಿಮ್ಮಪ್ಪನ್ನೋ? ಇಷ್ಟು ದೊಡ್ಡ ಹೀರೋಯಿನ್ ಮಾರಿ ಫುಕಟ್ ಕೊಡಾಕತ್ತೀನಿ, ಚಿಂದಿ ಸಲುವಾಗಿ ಬಡಕೊಳ್ತಿ!"

ಗಂಟು ಸಡಿಲಾಯಿತು. ಸುರುಳಿ ತಾನೇ ಬಿಚ್ಚಿಕೊಂಡು ನಾಯಕಿಯ ಒಂದು ಕಣ್ಣು, ಅರ್ಧ ಮೂಗುತಿ ಬಿಸಿಲಿಗೆ ಬಂದವು. ಅವಳು ಆ ಕಡೆ ನೋಡಲಿಲ್ಲ. ಪಟ್ಟಿಯನ್ನು ಮೊಣಕಾಲ ಮೇಲೆ ಎಳೆದು ಹಿಡಿದಳು. ಎರಡು ಮೊಳೆ ತೂತುಗಳ ನಡುವೆ ಅಪ್ಪನ ಹೆಸರು: ಮಳೆ ಬಿಸಿಲು ಕಾಣದ ಬಣ್ಣ, ನಿನ್ನೆ ಒಣಗಿದಷ್ಟು ಕೆಂಪು.

ಅವಳು ಎದ್ದು ಅದನ್ನು ಕಲ್ಯಾಣಪ್ಪನವರ ಮುಖದ ಮುಂದೆ ಹಿಡಿದಳು.

"ಓದ್ರಿ."

"ಏನದು?"

"ನೀವೇ ಓದ್ರಿ. ಜೋರಾಗಿ."

ಅವರು ಕಣ್ಣು ಕಿರಿದು ಮಾಡಿದರು. ಹೆಂಡತಿಯನ್ನು ನೋಡಿದರು, ಡ್ರೈವರನನ್ನು ನೋಡಿದರು. "ಚಾಳೀಸ ಒಳಗದ."

"ತರ್ರಿ. ನಾ ಇಲ್ಲೇ ಕುಂದರ್ತೀನಿ."

ಅವರು ಕನ್ನಡಕ ತರಲು ಒಳಗೆ ಹೋದರು. ಲುಂಬಿನಿ ಕಾದ ಫರಶಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಗಾಳಿಗೆ ಹಾರದಂತೆ ಪಟ್ಟಿಯ ಎರಡೂ ತುದಿಗೆ ಕಲ್ಲು ಇಟ್ಟಳು. ಜೆಸಿಬಿ ನಿಂತಿತ್ತು. ಒಳಗಿನಿಂದ ಕಪಾಟಿನ ಖಾನೆಗಳು ಒಂದೊಂದಾಗಿ ತೆರೆದು ಮುಚ್ಚುವ ಸದ್ದು ಬರುತ್ತಲೇ ಇತ್ತು.