ನಿಲ್ಲಿ, ನಿಲ್ಲಿಸಿ

೧

ಈ ಕಥೆಯನ್ನು ನೀರಿನಿಂದ ಶುರು ಮಾಡಬೇಕೋ ಮಂಡಿಯಿಂದ ಶುರು ಮಾಡಬೇಕೋ ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡೆ. ನೀರಿನಿಂದ ಶುರು ಮಾಡಿದರೆ ಪದ್ಯವಾಗಿಬಿಡುವ ಭಯ. ಮಂಡಿಯಿಂದ ಶುರು ಮಾಡಿದರೆ ಆಸ್ಪತ್ರೆಯ ಚೀಟಿ. (ಎರಡನ್ನೂ ಓದಲು ನಿಮಗೆ ಪುರಸೊತ್ತಿಲ್ಲ, ಗೊತ್ತು.) ಕೊನೆಗೆ ಕಣ್ಣು ಮುಚ್ಚಿಕೊಂಡು ನೀರಿಗೇ ಇಳಿದೆ:

‘ಸಾಗರದ ಅನಂತ ನೀಲಿಮೆಯಲ್ಲಿ ಅವಳು ಅಲೆಯೊಂದಿಗೆ ಅಲೆಯಾಗಿ...’

“ಅಲೆಯೊಂದಿಗೆ ಅಲೆಯಾದ್ರೆ ಮುಳುಗಿ ಸಾಯ್ತಾರೆ,” ಎಂದಳು ಅವಳು. “ಬೋರ್ಡ್ ಮತ್ಯಾಕೆ ಇರೋದು?”

ಈ ಅಡ್ಡಬಾಯಿಯವಳೇ ನಮ್ಮ ನಾಯಕಿ. ವಯಸ್ಸು ಮೂವತ್ತೊಂಬತ್ತು. ಹದಿನೇಳು ವರ್ಷದಿಂದ ಸಮುದ್ರದಲ್ಲಿ ಬೋರ್ಡಿನ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಮಾಡುತ್ತ, ಬೇರೆಯವರಿಗೂ ಕಲಿಸುತ್ತ ಬದುಕಿದವಳು. ಮನೆಯಲ್ಲಿ ಈಗ ಅವಳನ್ನು ಕೊಕ್ಕರೆ ಎನ್ನುತ್ತಾರೆ. ಬಲಗಾಲು ಎತ್ತಿಕೊಂಡು, ಎಡಗಾಲೊಂದರ ಮೇಲೆ ಭಾರ ಹಾಕಿ ಹಲ್ಲುಜ್ಜುವುದನ್ನು ನೋಡಿ ಅಕ್ಕ ಇಟ್ಟ ಹೆಸರು. ಕೊಕ್ಕರೆಯ ಮಾತಿಗೆ ಎದುರಾಡಲಾಗದೆ ಕರಡು ಹರಿದು ಹಾಕಿದೆ.

೧ (ಎರಡನೇ ಸಲ)

ಸರಿ, ಮಂಡಿಯಿಂದಲೇ ಹೊರಡೋಣ. ಎರಡಾಳೆತ್ತರದ ಅಲೆಯೊಂದು ಅವಳನ್ನು ಎತ್ತಿ ಒಗೆಯಿತು ಎಂದು ಬರೆದೆ.

“ಸುಳ್ಳು. ಮಂಡಿಯುದ್ದದ ಅಲೆ ಅದು. ಹೊಸಬರಿಗೆ ಹೇಗೆ ಬೀಳಬೇಕು ಅಂತ ತೋರಿಸ್ತಿದ್ದೆ.”

ಬೀಳುವುದನ್ನು ಕಲಿಸಲು ಹೋಗಿ ಬಿದ್ದವಳು! ಇದನ್ನು ನಾನಾಗಿ ಕಲ್ಪಿಸಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದಿರಿ. ಬಲಮಂಡಿಯ ಒಳಗಿನ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು. ಡಾಕ್ಟರು ಬೇಸಿನ್ನಿನಲ್ಲಿ ಕೈ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದರು: “ಒಂಬತ್ತು ತಿಂಗಳು ಜೋಪಾನ ಮಾಡಿದ್ರೆ ಸಮುದ್ರಕ್ಕೆ ವಾಪಸ್ ಹೋಗಬಹುದು. ಇನ್ನೊಂದು ಸಲ ಹರಿದ್ರೆ, ನಡೆದಾಡೋಕೆ ಅಡ್ಡಿಯಿಲ್ಲ. ಅಷ್ಟೇ.”

ಆ ‘ಅಷ್ಟೇ’ ಅವಳ ಜೊತೆ ಮನೆಗೆ ಬಂತು. ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ, ಬೇರೆ ಸುಖವೂ ಗೊತ್ತಿಲ್ಲ. ಅವಳಿಗೆ ಮತ್ತೆ ಸಮುದ್ರ ಉಂಟೋ ಇಲ್ಲವೋ, ಈ ಕಥೆಯಲ್ಲಿರುವ ಪ್ರಶ್ನೆ ಅದೊಂದೇ. (ಗೂಢಾರ್ಥ ಹುಡುಕುವವರು ಬೇರೆ ಅಂಗಡಿ ನೋಡಿಕೊಳ್ಳಿ.)

೨

ಅಕ್ಕ ಟೈಲರ್. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಗಂಟುಗಳನ್ನು ಪಕ್ಕಕ್ಕೆ ತಳ್ಳಿ ತಂಗಿಗೆ ಮಂಚ ಹಾಕಿಸಿದ್ದಳು. ತಂಗಿಯ ಎಲ್ಲ ಪ್ಯಾಂಟುಗಳ ಬಲಗಾಲಿನ ಹೊಲಿಗೆ ಬಿಚ್ಚಿ, ಮಂಡಿಪಟ್ಟಿಯ ಮೇಲೆ ಹಾಕಿಕೊಳ್ಳಲು ಬರುವಂತೆ ಉದ್ದಕ್ಕೂ ಟಿಚ್ ಬಟನ್ ಇಟ್ಟಿದ್ದಳು. ಇಷ್ಟು ಮಾಡಿದವಳು ಬಾಯಿಗೆ ಮಾತ್ರ ಬಟನ್ ಇಟ್ಟುಕೊಂಡಿರಲಿಲ್ಲ.

“ಏಳೇ, ಹಾಸಿಗೆಗೆ ಬೇರು ಬಿಟ್ಟುಬಿಡ್ತೀಯ.”

“ಎದ್ದು ಏನ್ ಮಾಡ್ಲಿ?”

“ಗುಂಡಿ ಹಾಕು. ಕೈ ನೆಟ್ಟಗಿದೆಯಲ್ಲ.”

ಕೊಕ್ಕರೆ ಗುಂಡಿ ಹಾಕಿದಳು. ಆರು ಕಾಜ ಇದ್ದ ಶರ್ಟಿಗೆ ಏಳು ಗುಂಡಿ ಹಾಕಿದಳು. ಅಕ್ಕ ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ, ಸುಮ್ಮನೆ ಕತ್ತರಿ ಕೊಟ್ಟಳು. ಅದಕ್ಕೇ ತಂಗಿಗೆ ಅಳು ಬಂತು. ಗುಂಡಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿದಳು, ಮುಂದಿನ ಕೋಣೆಯಲ್ಲಿದ್ದ ಗಿರಾಕಿಗೆ ಕೇಳಿಸಬಾರದೆಂದು.

೪

(ಮೂರರಲ್ಲಿ ಬಾಲ್ಯವಿತ್ತು. ಅವಳು ಓದಿ, “ಇದು ನಿನ್ನ ಬಾಲ್ಯ, ನಂದಲ್ಲ,” ಎಂದಳು. ಇದ್ದಬದ್ದ ಮಾನವೂ ಹೋಯಿತು. ತೆಗೆದುಹಾಕಿದೆ.)

ಆರನೇ ತಿಂಗಳಲ್ಲಿ ಫಿಸಿಯೋ ಒಂದು ದಾರಿ ತೋರಿಸಿದ. ಅವಳ ಕಾಲಿಗೆ ವ್ಯಾಯಾಮ ಮಾಡಿಸುವವನು ಅವನು, ಸಣ್ಣ ದನಿಯ ಸಭ್ಯ ಮನುಷ್ಯ. ಯಾರನ್ನೂ ಏಕವಚನದಲ್ಲಿ ಕರೆದವನಲ್ಲ.

“ಊರಾಚೆ ಕೆರೆಯಲ್ಲಿ ಪ್ಯಾಡಲ್ ಬೋರ್ಡ್ ಬಾಡಿಗೆಗೆ ಸಿಗುತ್ತೆ ಮೇಡಂ. ನೀರಿನ ಮೇಲೆ ಇದ್ದ ಹಾಗೂ ಆಯ್ತು, ಅಲೆಯ ಭಯಾನೂ ಇಲ್ಲ. ಮೊದಲು ಕೂತೇ ಹುಟ್ಟು ಹಾಕಿ. ಕಾಲಿಗೆ ಬಲ ಬಂದ ಮೇಲೆ ಎದ್ದು ನಿಂತು ಹಾಕುವಿರಂತೆ. ಆದ್ರೆ ನಾನು ಹೇಳಿದಾಗ ಮಾತ್ರ.”

ಸರ್ಫಿಂಗ್‌ನವರು ಪ್ಯಾಡಲ್‌ನವರನ್ನು ಪೊರಕೆಯವರು ಎಂದು ಆಡಿಕೊಳ್ಳುತ್ತಾರೆ. ಉದ್ದನೆಯ ಕೋಲು ಹಿಡಿದು ನೀರು ಗುಡಿಸುತ್ತಾರಲ್ಲ, ಅದಕ್ಕೆ. ಹದಿನೇಳು ವರ್ಷ ಆಡಿಕೊಂಡವಳೇ ಈಗ ಪೊರಕೆ ಹಿಡಿದಳು. (ಹುಟ್ಟು ಎಂದರೆ ಜನ್ಮವೂ ಹೌದು. ‘ಮರುಹುಟ್ಟು’ ಎಂಬ ಶೀರ್ಷಿಕೆ ನಾಲಿಗೆಯ ತುದಿಗೆ ಬಂದಿತ್ತು. ಎರಡರ್ಥದ ಪದ ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ಈ ಚಪಲ ಒಳ್ಳೆಯದಲ್ಲ.)

ಬೋರ್ಡು ಬಾಗಿಲಿನಷ್ಟು ಅಗಲ, ಕೆರೆ ತಟ್ಟೆಯಷ್ಟು ಸಪಾಟು. ಕೊಕ್ಕರೆ ಕಾಲು ಮುಂದೆ ಚಾಚಿ ಕೂತು ಹುಟ್ಟು ಹಾಕಿದಳು. ಆದರೆ ಹುಟ್ಟುಗುಣ ಹೋಗಬೇಕಲ್ಲ. ಸಮುದ್ರದಲ್ಲಿ ದಡದ ಕಡೆ ಹೊರಟಾಗ ಅಲೆ ಬೆನ್ನ ಹಿಂದಿನಿಂದ ಬರುತ್ತದೆ, ಹಾಗಾಗಿ ಭುಜದ ಮೇಲಿಂದ ತಿರುಗಿ ತಿರುಗಿ ನೋಡುವುದು ಸರ್ಫಿಂಗ್‌ನವರ ಚಾಳಿ. ಇಲ್ಲೂ ತಿರುಗಿ ನೋಡಿದಳು. ಹಿಂದೆ ಚಪ್ಪಟೆ ನೀರು, ನೀರಿನ ಮೇಲೊಂದು ಖಾಲಿ ಬಾಟಲಿ. ಮರುದಿನವೂ ನೋಡಿದಳು. ಮೂರು ವಾರ ಹಾಗೇ ನೋಡಿದಳು.

“ಏನ್ ನೋಡ್ತಿದೀರಿ ಮೇಡಂ?” ಎಂದ ಫಿಸಿಯೋ, ದಡದ ಕಟ್ಟೆಯಿಂದ.

“ಏನಿಲ್ಲ ಸರ್.”

(ಇಡೀ ಕಥೆಯಲ್ಲಿ ನನಗೆ ಬರೆಯಲು ಸಂಕಟವಾದದ್ದು ಈ ‘ಏನಿಲ್ಲ’.)

೫

ನಾಲ್ಕನೇ ವಾರ. ಕೆರೆಯ ಕಳೆ ಕೀಳುವವರ ಮೋಟಾರು ದೋಣಿ ಅವಳಿಂದ ಅನತಿ ದೂರದಲ್ಲಿ ಭರ್ರನೆ ಹಾದುಹೋಯಿತು. ದೋಣಿಯ ಹಿಂದೆ ನೀರು ಉಬ್ಬಿ, ಸಾಲುಗಟ್ಟಿ, ಕೊಕ್ಕರೆಯ ಬೆನ್ನಿನತ್ತ ಹೊರಟಿತು. ಫಿಸಿಯೋ ಅದನ್ನು ಕಂಡ. ಸಣ್ಣ ದನಿಯ ಮನುಷ್ಯ ಗಂಟಲು ಹರಿಯುವಂತೆ ಕೂಗಿದ:

“ನಿಲ್ಲಿ! ಮೇಡಂ, ನಿಲ್ಲಿ!”

ಅವಳು ಎದ್ದು ನಿಂತಳು.

ಪ್ಯಾಡಲ್‌ನವರು ಎರಡೂ ಪಾದ ಜೋಡಿಯಾಗಿಟ್ಟು, ಮುಂದಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಇವಳು ಸರ್ಫಿಂಗ್‌ನವಳಂತೆ ಅಡ್ಡಕ್ಕೆ ನಿಂತಳು, ಎಡಗಾಲು ಮುಂದೆ, ಬಲಗಾಲು ಹಿಂದೆ. ಅಲೆ ಬಂದು ಬೋರ್ಡನ್ನು ಎತ್ತಿತು. ಮೂರು ಸೆಕೆಂಡು ಅವಳು ಅದರ ಮೇಲಿದ್ದಳು. ಆಮೇಲೆ ಬಲಮಂಡಿ ಒಳಕ್ಕೆ ತಿರುಗಿತು. ಚಟಕ್ ಎಂದದ್ದು ಅವಳಿಗೆ ಮಾತ್ರ ಕೇಳಿಸಿತು.

೫-ಅ (ವ್ಯಾಕರಣ)

ನಮ್ಮ ಮಾತಿನಲ್ಲಿ ‘ನಿಲ್ಲಿ’ ಎಂದರೆ ಮುಂದೆ ಹೋಗಬೇಡಿ ಎಂದೂ ಹೌದು, ಎದ್ದು ನಿಂತುಕೊಳ್ಳಿ ಎಂದೂ ಹೌದು. ಫಿಸಿಯೋ ಹೇಳಿದ್ದು ಮೊದಲನೆಯದು: ಹುಟ್ಟು ಹಾಕುವುದು ಬಿಟ್ಟು, ಕೂತಲ್ಲೇ ಬೋರ್ಡು ಹಿಡಿದುಕೊಳ್ಳಿ ಎಂದು. ಅವಳಿಗೆ ಕೇಳಿಸಿದ್ದು ಎರಡನೆಯದು. ಏಳಲು ಅವನ ಅಪ್ಪಣೆಗಾಗಿ ಮೂರು ವಾರ ಕಾದವಳಲ್ಲವೇ? ಅವನು ‘ನಿಲ್ಲಿಸಿ’ ಎಂದಿದ್ದರೆ, ಒಂದೇ ಒಂದು ‘ಸಿ’ ಸೇರಿಸಿದ್ದರೆ, ಅವಳು ಹುಟ್ಟು ನಿಲ್ಲಿಸುತ್ತಿದ್ದಳು. ಒಂದಕ್ಷರ ಕಡಿಮೆ ಬಿದ್ದು ಒಂದು ಮಂಡಿ ಹೋಯಿತು.

(ಇದು ಹೊಳೆದ ದಿನ ನಾನು ಖುಷಿಗೆ ಎರಡು ಕಪ್ ಕಾಫಿ ಹೆಚ್ಚು ಕುಡಿದೆ. ಯಾರದೋ ಮಂಡಿ ಮುರಿದರೆ ಯಾರಿಗೋ ಕಥೆ.)

೬

ಅಂತ್ಯ ಒಂದು. ಸ್ಕ್ಯಾನ್‌ನಲ್ಲಿ ಏನೂ ಆಗಿಲ್ಲವೆಂದು ಬರುತ್ತದೆ. ಮೂರು ತಿಂಗಳ ಮೇಲೆ ಅವಳು ಸಮುದ್ರಕ್ಕೆ...

“ಆ ಸ್ಕ್ಯಾನ್ ತಂದವಳು ನಾನು,” ಎಂದಳು ಅಕ್ಕ, ಬಾಯಲ್ಲಿ ಕಚ್ಚಿದ ಗುಂಡುಸೂಜಿ ತೆಗೆದು. “ಕಿವಿ ಮೇಲೆ ಹೂ ಇಡೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ.” ಹೊಡೆದುಹಾಕಿದೆ.

ಅಂತ್ಯ ಎರಡು. ಅವಳು ಅದೇ ಕೆರೆಯಲ್ಲಿ ಬೇರೆಯವರಿಗೆ ಪ್ಯಾಡಲ್ ಕಲಿಸುತ್ತ ನೆಮ್ಮದಿ ಕಾಣುತ್ತಾಳೆ. “ಆ ನೆಮ್ಮದಿ ನೀನೇ ಇಟ್ಕೋ,” ಎಂದಳು ಕೊಕ್ಕರೆ. ಅದೂ ಹೋಯಿತು.

ಅಂತ್ಯ ಮೂರು, ನಡೆದದ್ದು. ಲಿಗಮೆಂಟ್ ಪೂರ್ತಿ ಹರಿದಿತ್ತು. ಸಮುದ್ರ ಮುಗಿಯಿತು. “ಅವರು ನಿಲ್ಲಿ ಅಂದ್ರು, ಇವಳು ನಿಂತಳು. ಹಣೆಬರಹ,” ಎಂದು ಅಕ್ಕ ಬಂದ ಗಿರಾಕಿಗಳಿಗೆಲ್ಲ ಹೇಳಿದಳು. ಕೇಳಿದವರೆಲ್ಲ ಲೊಚಗುಟ್ಟಿದರು. ಫಿಸಿಯೋ ಆ ಪದವನ್ನೇ ಬಿಟ್ಟ. ಈಗ ಎಲ್ಲರಿಗೂ ‘ಸ್ಟಾಪ್’ ಎನ್ನುತ್ತಾನಂತೆ. ಈಚೆಗೆ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾನಂತೆ.

ಇಲ್ಲಿಗೆ ಮುಗಿಸಿ, ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚುತ್ತಿದ್ದೆ.

೭

“ನನಗೆ ಗೊತ್ತಿತ್ತು,” ಎಂದಳು ಕೊಕ್ಕರೆ.

“ಏನು ಗೊತ್ತಿತ್ತು?”

“ಏಳಬೇಡ ಅಂತ ಕೂಗ್ತಿದಾರೆ ಅಂತ. ದನಿಯಲ್ಲೇ ಗೊತ್ತಾಗಲ್ವಾ? ಹಾಗೆ ಕಿರುಚಿಕೊಂಡು ಯಾರಾದ್ರೂ ಎದ್ದು ನಿಲ್ಲಿ ಅಂತಾರಾ?”

“ಮತ್ತೆ ಯಾಕೆ ಎದ್ದೆ?”

“ತಿರುಗಿ ನೋಡಿದೆ. ಈ ಸಲ ಅಲೆ ಇತ್ತು.”

ಲಕೋಟೆಯನ್ನು ಕೆಳಗಿಟ್ಟೆ. “ಎಲ್ಲರಿಗೂ ಬೇರೇನೇ ಹೇಳಿದೀಯಲ್ಲ,” ಎಂದೆ.

“ಏನಂತ ಹೇಳಲಿ? ಕಳೆ ಕೀಳೋ ದೋಣಿ ಎಬ್ಬಿಸಿದ ಅಲೆಗೆ, ಮೂರು ಸೆಕೆಂಡಿಗೆ, ಇಡೀ ಸಮುದ್ರ ಕೊಟ್ಟು ಬಂದೆ ಅಂತಲಾ? ಆರು ತಿಂಗಳು ನನ್ನ ಕಾಲು ಕಾದವಳು ಅಕ್ಕ. ಅವಳ ಮುಖ ನೋಡಿಕೊಂಡು ಹೇಳಲಾ? ಅವರು ನಿಲ್ಲಿ ಅಂದ್ರು, ನಾನು ನಿಂತೆ. ಇದನ್ನ ಹಿಡ್ಕೊಂಡು ಬದುಕಬಹುದು. ಇನ್ನೊಂದನ್ನ ಹಿಡ್ಕೊಂಡು ಆಗಲ್ಲ.”

“ಆ ಮನುಷ್ಯ ಕೆಲಸ ಬಿಡ್ತಿದಾನೆ.”

“ಗೊತ್ತು.” ಪ್ಯಾಂಟಿನ ಟಿಚ್ ಬಟನ್ ಒಂದನ್ನು ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು, ಹಾಕಿದಳು. “ನೀನು ಬರೀಬೇಡ.”

ಬರೆಯಲು ನನಗೂ ಮನಸ್ಸಿಲ್ಲ, ನಿಜ ಹೇಳುತ್ತೇನೆ. ಇದನ್ನು ಬರೆದರೆ ೫-ಅ ಸುಳ್ಳಾಗುತ್ತದೆ. ಆ ‘ಸಿ’ ಹೋದರೆ ನನ್ನ ಜಾಣತನವೆಲ್ಲ ಹೋಯಿತು, ಉಳಿಯುವುದು ಒಬ್ಬ ಹೆಂಗಸಿನ ಆಸೆ ಮಾತ್ರ. ಅವಳಿಗೆ ಬದುಕಲು ಆ ಪದ ಬೇಕು, ನನಗೆ ಮೆರೆಯಲು ಬೇಕು. ಇಬ್ಬರೂ ಸೇರಿ ಅದನ್ನು ಒಬ್ಬ ಸಭ್ಯ ಮನುಷ್ಯನ ತಲೆಗೆ ಕಟ್ಟಿದ್ದೇವೆ. ನಾಚಿಕೆಯಾಗುತ್ತದೆ. ಆದರೂ ಅಳಿಸಿಲ್ಲ ನೋಡಿ, ಮೇಲೆ ಹಾಗೇ ಇದೆ.

೮

ಇವತ್ತು ಮಧ್ಯಾಹ್ನ ಫಿಸಿಯೋ ಅಂಗಡಿಗೆ ಬಂದ. ಅಕ್ಕ ತಂಗಿಯನ್ನು ಕರೆದಳು. ಕೊಕ್ಕರೆ ಊರುಗೋಲು ಹಿಡಿದು ಒಳಕೋಣೆಯ ಬಾಗಿಲಿಗೆ ಬಂದಳು.

“ನಂದೇ ತಪ್ಪು ಮೇಡಂ,” ಎಂದ ಅವನು. “ಆ ಹೊತ್ತಿಗೆ ಸರಿಯಾದ ಮಾತು ಬಾಯಿಗೆ ಬರಲಿಲ್ಲ.”

ಅವಳು ಅಕ್ಕನನ್ನು ನೋಡಿದಳು. ಆಮೇಲೆ ಅವನನ್ನು. ಬಾಯಿ ತೆರೆದಳು.

ಮುಂದಿನ ಸಾಲು ನನ್ನಿಂದ ಆಗುವುದಿಲ್ಲ. ನಿಜ ಹೇಳಿಸಿದರೆ ಅವಳು ಮುಳುಗುತ್ತಾಳೆ, ಸುಳ್ಳು ಹೇಳಿಸಿದರೆ ಅವನು. ಉಳಿದದ್ದನ್ನು ಓದುಗರೇ ಊಹಿಸಿಕೊಳ್ಳಲಿ ಎನ್ನುವುದು ಹೇಡಿಗಳ ಹಳೆಯ ಉಪಾಯ, ಅದೂ ಬೇಡ. ಅವಳ ಬಾಯಿ ತೆರೆದೇ ಇರಲಿ. ನನಗೀಗ ಕಾಣುತ್ತಿರುವುದು ಅವನೊಬ್ಬನೇ. ಅಕ್ಕ ಕುರ್ಚಿ ಎಳೆದು ಹಾಕಿ ಎಷ್ಟೋ ಹೊತ್ತಾಯಿತು, ಅವನು ಕೂರುತ್ತಿಲ್ಲ. ಯಾರಾದರೂ ಅವನಿಗೆ ಕೂತ್ಕೊಳ್ಳಿ ಅಂತ ಹೇಳಿ.