ಮಂಗಳಾ ಕಾಣೆಯಾದ ಸಂಜೆ

ನಲವತ್ತು ದಾಟಿದ ಮೇಲೆ ಕಾಲೇಜಿಗೆ ಸೇರಿದ ಹೆಂಗಸನ್ನು ಪಿರಿಯಾಪಟ್ಟಣ ಸುಮ್ಮನೆ ಬಿಡುತ್ತದೆಯೇ? ಉಷಾರಾಣಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಬಸ್ ಸ್ಟ್ಯಾಂಡ್ ದಾಟುವಾಗ, "ಏನಕ್ಕ, ಮಗಳ ಫೀಸ್ ಕಟ್ಟಕ್ಕಾ?" ಎಂದು ಕೇಳಿದವರೇ ಹೆಚ್ಚು. "ಇಲ್ಲ ಕಣಪ್ಪ, ನಾನೇ ಬಿ.ಎ. ಓದ್ತಾ ಇವ್ನಿ" ಎಂದು ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು, ಕೇಳಿದವರಿಗೂ ಸಾಕಾಗಿತ್ತು. ಗಂಡ ಒಳ್ಳೆಯವನು, ತಿಂಡಿ ತಡವಾದರೆ ಬಾಯಿ ಮುಚ್ಚಿಕೊಂಡು ಹೋಟೆಲಿಗೆ ಹೋಗುತ್ತಿದ್ದ.

ಅವಳ ಓದು ನಿಂತದ್ದು ಎಲ್ಲರೂ ಮಂಗಳಾ ಎನ್ನುತ್ತಿದ್ದ ಗೆಳತಿ ಸರ್ವಮಂಗಳಳಿಂದ. ರಾವಂದೂರಿನ ಹತ್ತಿರದ ಅವರ ಹಳ್ಳಿಯಿಂದ ಪಿಯುಸಿಗೆ ಬರುತ್ತಿದ್ದ ಹುಡುಗಿಯರು ಇಬ್ಬರೇ, ಉಷಾ ಮತ್ತು ಮಂಗಳಾ. ಇಪ್ಪತ್ತು ವರ್ಷಕ್ಕೂ ಹಿಂದೆ, ಹೊಗೆಸೊಪ್ಪಿನ ಸುಗ್ಗಿಯ ಒಂದು ಸಂಜೆ, ಮಂಗಳಾ ಕಾಣೆಯಾದಳು. ಸೋದರಮಾವ ಕಾಂತರಾಜನ ಜೊತೆ ಅವಳ ಮದುವೆ ಗೊತ್ತಾಗಿತ್ತು. ಊರವರು ಕೆರೆ ಜಾಲಾಡಿದರು, ಬಾವಿಗೆ ಪಾತಾಳಗರಡಿ ಬಿಟ್ಟರು, ಪೊಲೀಸರು ಕಾಂತರಾಜನನ್ನು ಕರೆದೊಯ್ದು ವಿಚಾರಿಸಿ ಕಳಿಸಿದರು. ಹೆಣವೂ ಸಿಗಲಿಲ್ಲ, ಹುಡುಗಿಯೂ ಸಿಗಲಿಲ್ಲ. ಸಿಕ್ಕಿದ್ದು ಉಷಾಳ ಅಪ್ಪನಿಗೆ ಒಂದು ನೆಪ: ಹೆಣ್ಣುಮಕ್ಕಳನ್ನು ಓದಿಸಿದರೆ ಹೀಗೇ ಆಗುತ್ತದೆ. ಮಾರನೆಯ ದಿನದಿಂದಲೇ ಅವಳ ಕಾಲೇಜು ಬಂದ್, ಮರುವರ್ಷ ಮದುವೆ.

ಆ ಸಿಟ್ಟು ಅವಳಲ್ಲಿ ಆರಿದ್ದೇ ಇಲ್ಲ. ಆದ್ದರಿಂದ ಕನ್ನಡ ಮೇಡಂ ತರಗತಿಯಲ್ಲಿ, "ಯಾರಾದರೂ ಒಂದು ಕಾದಂಬರಿ ಬರೆದರೆ ಕಾಲೇಜಿನಿಂದಲೇ ಅಚ್ಚು ಹಾಕಿಸೋಣ" ಎಂದಾಗ, ಉಷಾ ಪತ್ತೇದಾರಿ ಕಾದಂಬರಿಯನ್ನೇ ಬರೆದಳು. ಹೆಸರು ಬದಲಿಸಿದಳು, ಅಷ್ಟೆ. ಕೊನೆಗೆ ಕೊಲೆಗಾರ ಸೋದರಮಾವನೇ. ಓದಿದವರಿಗೆಲ್ಲ ಅದು ಕಾಂತರಾಜನೆಂದು ಗೊತ್ತಾಗುತ್ತಿತ್ತು. ಗೊತ್ತಾಗಲಿ ಎಂದೇ ಬರೆದಿದ್ದಳು. ಸೋಮವಾರ ಅದನ್ನು ಮೇಡಂ ಕೈಗೆ ಕೊಡಬೇಕಿತ್ತು.

ಶುಕ್ರವಾರ, ಪಕ್ಕದಲ್ಲಿ ಕೂರುವ ಶೃತಿ ಅದನ್ನು ಓದಿ ಮುಗಿಸಿದಳು. ಮಗಳ ವಯಸ್ಸಿನವಳು, ಪತ್ತೇದಾರಿ ಕಥೆ ಸಿಕ್ಕರೆ ಊಟ ಬಿಡುವ ಪೈಕಿ.

"ಸಕ್ಕತ್ತಾಗಿದೆ ಆಂಟಿ. ಆದ್ರೆ ನಿಮ್ಮ ಪತ್ತೇದಾರ ಊರೋರನ್ನೆಲ್ಲ ವಿಚಾರಿಸ್ತಾನೆ, ಕಾಣೆಯಾದ ಹುಡುಗಿಯ ಗೆಳತಿ ಇದಾಳಲ್ಲ, ಅವಳ ಅಮ್ಮನ್ನ ಮಾತ್ರ ಏನೂ ಕೇಳಲ್ಲ. ಹುಡುಗಿ ಕೊನೇಗೆ ಕಾಣಿಸ್ಕೊಂಡಿದ್ದು ಅವರ ಮನೆ ಅಂಗಳದಲ್ಲೇ ಅಲ್ವಾ?"

"ಅವರನ್ನೇನೇ ಕೇಳೋದು?" ಎಂದು ಉಷಾ ನಕ್ಕಳು. ನಗು ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ತಾನೂ ಅವ್ವನನ್ನು ಕೇಳಿರಲಿಲ್ಲ. ಆ ಸಂಜೆ ಅಂಗಳದ ತುಂಬ ಕೂಲಿ ಹೆಂಗಸರು ಕಡ್ಡಿಗೆ ಹೊಗೆಸೊಪ್ಪು ಕಟ್ಟುತ್ತಿದ್ದರು, ಅವ್ವ ಅವರ ಮಧ್ಯೆ ಇದ್ದರು. ದುಡಿಯುತ್ತ ಕೂತ ಹೆಂಗಸನ್ನು ಸಾಕ್ಷಿ ಕೇಳಬೇಕೆಂದು ಯಾರಿಗೆ ತಾನೇ ತೋಚುತ್ತದೆ?

ಭಾನುವಾರ ಹಳ್ಳಿಗೆ ಹೋದಳು. ಅವ್ವ ಮಹದೇವಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಉಷಾ ಪಕ್ಕದಲ್ಲಿ ಕೂತಳು.

"ಅವ್ವ, ಅವತ್ತು ಮಂಗಳಾ ನಮ್ಮ ಅಂಗಳದಿಂದ ಎಲ್ಲಿಗೆ ಹೋದ್ಲು?"

ಮುದುಕಿಯ ಬೆರಳು ನಿಲ್ಲಲಿಲ್ಲ. "ಈಗ ಕೇಳ್ತೀಯಾ?"

"ಈಗ ಕೇಳ್ತಾ ಇವ್ನಿ."

"ಕೂಲಿ ಹೆಂಗಸರ ಜೊತೆ ಅವರೂರಿನ ಟ್ರ್ಯಾಕ್ಟರ್ ಹತ್ತುಸ್ದೆ. ನನ್ನ ಹಳೇ ಸೀರೆ ಉಡ್ಸಿ, ಅವರಂಗೇ ತಲೆಗೆ ಬಟ್ಟೆ ಕಟ್ಟಿ. ಸೊಪ್ಪಿನ ಅಂಟು ಮೆತ್ಕಂಡಿರೋ ಮೊಕವ ಯಾರ್ ನೋಡ್ತಾರೆ? ಅವರೂರಿಂದ ಬಸ್ ಹತ್ತಿ ಕೆ.ಆರ್. ನಗರದ ನಮ್ಮಕ್ಕನ ಮನೆ ಸೇರ್ಕಂಡ್ಳು. ಓದಿ ನರ್ಸ್ ಆಗವ್ಳೆ, ಚೆನ್ನಾಗವ್ಳೆ. ಯಾವೂರಲ್ಲಿ ಅಂತ ಮಾತ್ರ ಕೇಳ್ಬ್ಯಾಡ."

ಉಷಾಳಿಗೆ ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು, ಮೈಯೆಲ್ಲ ಉರಿಯುವಂಥ ಸಿಟ್ಟು. "ಅಂಗಾದ್ರೆ ನನ್ನ ಓದು ಬುಡುಸ್ದಾಗ ಯಾಕವ್ವ ಸುಮ್ನಿದ್ದೆ? ಅವಳು ಬದುಕವ್ಳೆ ಅಂತ ಅಪ್ಪನ ಕಿವೀಗೆ ಹಾಕಿದ್ರೆ ಸಾಕಿತ್ತಲ್ಲ."

"ನಿಮ್ಮಪ್ಪನ ಬಾಯಲ್ಲಿ ಮಾತು ನಿಲ್ತಿತ್ತಾ? ಅವಳಪ್ಪ ಕಂಠಪ್ಪ, ಸಿಕ್ರೆ ಕಡಿದಾಕ್ತೀನಿ ಅಂತ ಮಚ್ಚು ಇಡ್ಕಂಡು ತಿರುಗ್ತಿದ್ದ. ಇವತ್ತೂ ಬದುಕವ್ನೆ, ಇವತ್ತೂ ಅದೇ ಮಾತು. ಕಾಂತರಾಜ ಪಾಪದೋನು ಕಣವ್ವ. ಅಕ್ಕನ ಮಗಳು ಬ್ಯಾಡ ಅನ್ನೋ ಧೈರ್ಯ ಅವನಿಗೂ ಇರ್ಲಿಲ್ಲ."

ಉಷಾ ಕೇಳಿದಳು. "ಮರುವರ್ಷ ನನ್ನ ಮದುವೆ ಮಾಡ್ದಾಗ್ಲೂ ಸೊಪ್ಪಿನ ಟ್ರ್ಯಾಕ್ಟರ್ ಬಂದಿತ್ತಲ್ಲವ್ವ. ನನ್ಯಾಕೆ ಹತ್ತುಸ್ಲಿಲ್ಲ?"

ಮಹದೇವಮ್ಮನ ಬೆರಳು ಈಗ ನಿಂತಿತು. "ಅವಳು ನನ್ನ ಮಗಳಲ್ಲ ಕಣವ್ವ. ಅದುಕ್ಕೇ ಕಳ್ಸಕ್ಕಾಯ್ತು. ನಿನ್ನ ಕಳ್ಸಿ ನಾನು ಉಳೀತಿರ್ಲಿಲ್ಲ."

ತಬ್ಬಿಕೊಳ್ಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಉಷಾ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ಅಳುತ್ತಲೇ ಉಳಿದ ಕಾಯಿ ಸುಲಿದಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಹೋಗುವಂಥದ್ದೂ ಅಲ್ಲ.

ಸೋಮವಾರ ಅವಳು ಕಾದಂಬರಿ ಕೊಡಲಿಲ್ಲ. "ಕೊನೆ ಸರಿ ಬರ್ಲಿಲ್ಲ ಮೇಡಂ" ಎಂದಷ್ಟೇ ಹೇಳಿದಳು. ಮೇಡಂ ಮುಖ ಸಪ್ಪಗಾಯಿತು. ಉಷಾಳಿಗೆ ಅದಕ್ಕಿಂತ ಸಂಕಟ. ಪುಸ್ತಕದ ಮೇಲೆ ತನ್ನ ಹೆಸರು ನೋಡುವ ಆಸೆ ಸಣ್ಣದೇನಲ್ಲ.

ಶೃತಿ ಬಿಡುವ ಆಸಾಮಿಯೇ? ಬೆಂಚಿನಲ್ಲಿ ಕೂತವಳೇ ಪಿಸುಗುಟ್ಟಿದಳು. "ಆಂಟಿ, ಆ ಗೆಳತಿ ನೀವೇ ಅಲ್ವಾ? ನಿಮ್ಮ ಅಮ್ಮನ್ನ ಕೇಳಿದ್ರಾ?"

"ಕೇಳ್ದೆ ಕಣೆ," ಎಂದಳು ಉಷಾ, ಹುಡುಗಿಯ ಕಣ್ಣನ್ನೇ ನೋಡುತ್ತ. "ಪಾಪ, ಅವರಿಗೇನೂ ಗೊತ್ತಿಲ್ವಂತೆ."